ಪಿನ್‌ಕೋಡ್‌ನ ಜಾತಕ ಬಿಡಿಸುವುದು ಹೇಗೆ?

ದೊಡ್ಡ ಸಂಖ್ಯೆಯನ್ನು ಅವಿಭಾಜ್ಯಗಳ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳ, ಗುಣಲಬ್ಧವಾಗಿ ಬಿಡಿಸಲು ಕುಳಿತವರು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ನನ್ನಲ್ಲಿ ಲೆಕ್ಕ ಕಲಿಯಲು ಬರುವ ಮಕ್ಕಳು ಮಾತ್ರವಲ್ಲ, ಅವರನ್ನು ಕರೆದೊಯ್ಯಲು ಬರುವ ಅಪ್ಪಂದಿರೂ ಅಲ್ಲೇ ಪೆನ್ಸಿಲ್ ಕೆಳಗಿಡುತ್ತಾರೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 560001 ಅನ್ನೇ ತೆಗೆದುಕೊಳ್ಳಿ.

ಮೊದಲು ಸುಲಭದ್ದು. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತ 12, ಹಾಗಾಗಿ 3 ಒಳಗೆ. ಭಾಗಿಸಿದರೆ 186667. ಇದಕ್ಕೆ 3, 7, 11 ಹತ್ತುವುದಿಲ್ಲ, 13 ಹತ್ತುತ್ತದೆ. ಉಳಿದದ್ದು 14359.

ಎಲ್ಲರೂ ಸೋಲುವುದು ಇಲ್ಲಿಯೇ. 17, 19, 23 ಎಂದು ನಾಲ್ಕಾರು ಭಾಗಾಕಾರ ಮಾಡಿ, ಬೇಸತ್ತು, ‘ಇದು ಅವಿಭಾಜ್ಯ’ ಎಂದು ಬರೆದು ಅಡಿಗೆರೆ ಎಳೆದುಬಿಡುತ್ತಾರೆ. ನಿಲ್ಲಬೇಕಾದ ಜಾಗವನ್ನು ಹೇಳುವುದು ವರ್ಗಮೂಲ, ನಿಮ್ಮ ಆಯಾಸವಲ್ಲ. 120ನ್ನು 120ರಿಂದ ಗುಣಿಸಿದರೆ 14400, ಅಂದರೆ 14359ಕ್ಕಿಂತ ಹೆಚ್ಚು. ಆದ್ದರಿಂದ ಈ ಸಂಖ್ಯೆ ಒಡೆಯುವುದಾದರೆ ಒಂದು ತುಂಡಾದರೂ 120ಕ್ಕಿಂತ ಕೆಳಗಿರಲೇಬೇಕು. 113ರವರೆಗಿನ ಅವಿಭಾಜ್ಯಗಳನ್ನು ಮೊದಲೇ ಪುಟದ ಅಂಚಿನಲ್ಲಿ ಬರೆದುಕೊಳ್ಳಿ, ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗಿ. ಅಗ್ಗದ ಮಗ್ಗಿ ಪುಸ್ತಕಗಳ ಪಟ್ಟಿ ಬೇಡ. ನಾನು ಕೊಂಡ ಒಂದರಲ್ಲಿ 91 ಕೂಡ ಸೇರಿಕೊಂಡಿತ್ತು. ಅದು 7 ಮತ್ತು 13ರ ಗುಣಲಬ್ಧ! 13ರಿಂದ ಮತ್ತೊಮ್ಮೆ ಭಾಗಿಸಿ ನೋಡುವುದನ್ನೂ ಮರೆಯಬೇಡಿ, ಒಂದೇ ಅಪವರ್ತನ ಎರಡು ಸಲ ಬರಬಹುದು. 7ಕ್ಕೆ, 17ಕ್ಕೆ ಇರುವ ಭಾಜ್ಯತೆಯ ಚಮತ್ಕಾರಗಳನ್ನು ಬಾಯಿಪಾಠ ಮಾಡುವ ಹೊತ್ತಿಗೆ ನೇರ ಭಾಗಾಕಾರವೇ ಮುಗಿದಿರುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್ ಕೊನೆಯಲ್ಲಿ ತಾಳೆ ನೋಡಲು ಮಾತ್ರ.

13ರಿಂದ ಶುರುಮಾಡಿದರೆ ಹದಿನೇಳು ಭಾಗಾಕಾರ ವ್ಯರ್ಥ. ಹದಿನೆಂಟನೆಯದು 83: ಶೇಷ ಸೊನ್ನೆ, ಭಾಗಲಬ್ಧ 173. ಅದು ಅವಿಭಾಜ್ಯ. ಹಾಗಾಗಿ 560001 = 3 × 13 × 83 × 173.

ಇನ್ನು ಉಳಿದದ್ದೆಲ್ಲ ಇಳಿಜಾರು. ನಾಲ್ಕು ಅವಿಭಾಜ್ಯಗಳೂ ಒಂದೊಂದೇ ಸಲ ಬಂದಿರುವುದರಿಂದ ಭಾಜಕಗಳು 2 × 2 × 2 × 2, ಅಂದರೆ 16. ಅವುಗಳ ಮೊತ್ತ ಬೇಕಿದ್ದರೆ ಪ್ರತಿ ಅವಿಭಾಜ್ಯಕ್ಕೂ ಒಂದು ಕೂಡಿಸಿ, ಬಂದವನ್ನೆಲ್ಲ ಗುಣಿಸಿ: 4 × 14 × 84 × 174 = 8,18,496. ಅದರಿಂದ ಮೂಲ ಸಂಖ್ಯೆಯನ್ನು ಕಳೆದರೆ 2,58,495. ಇದು ಮೂಲಕ್ಕಿಂತ ಕಡಿಮೆ, ಆದ್ದರಿಂದ ನಮ್ಮದು ನ್ಯೂನ ಸಂಖ್ಯೆ. ಸರಿಸಮವಾಗಿದ್ದರೆ 6, 28ರಂತೆ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು.

ಕೊನೆಯದಾಗಿ ಹರ್ಷದ ಪರೀಕ್ಷೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್, ತನ್ನ ಅಂಕಿಗಳ ಮೊತ್ತದಿಂದಲೇ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ‘ಹರ್ಷದ’, ಎಂದರೆ ಹರ್ಷ ಕೊಡುವಂಥದ್ದು, ಎಂದು ಹೆಸರಿಟ್ಟರು. 560001 ಬೆಸ ಸಂಖ್ಯೆ, 12ರಿಂದ ಭಾಗವಾಗುವ ಮಾತೇ ಇಲ್ಲ. 560100ರ ಅಂಕಿಗಳ ಮೊತ್ತವೂ 12. ಆದರೆ ಅದು ಸಲೀಸಾಗಿ ಭಾಗವಾಗಿ 46675 ಕೊಡುತ್ತದೆ. ಅದು ಎಲೆಕ್ಟ್ರಾನಿಕ್ ಸಿಟಿಯ ಪಿನ್‌ಕೋಡ್. ದಿನವೂ ಸಿಲ್ಕ್ ಬೋರ್ಡ್ ದಾಟಿ ಅಲ್ಲಿಗೆ ಹೋಗುವವರಿಗೆ ಆ ಹೆಸರಿನ ಅರ್ಥ ಮಾತ್ರ ಹೇಳಬೇಡಿ.