ಅಡುಗೆಯವರು ಯಾವ ಊರಿನವರು?

ನ್ಯೂಯಾರ್ಕ್‌ಗೆ ಬಂದ ಮೊದಲ ವರ್ಷ ನಮ್ಮ ಭಾನುವಾರಗಳೆಲ್ಲ ಒಂದೇ ಥರ ಇದ್ದವು. ಬೆಳಿಗ್ಗೆ 7ನೇ ನಂಬರಿನ ರೈಲು ಹತ್ತಿ ಕೊನೆಯ ಸ್ಟೇಷನ್ ಆದ ಫ್ಲಶಿಂಗ್ ಮೇನ್ ಸ್ಟ್ರೀಟ್‌ನಲ್ಲಿ ಇಳಿಯುತ್ತಿದ್ದೆವು. ಅಲ್ಲಿಂದ ಬೌನ್ ಸ್ಟ್ರೀಟ್‌ನ ಗಣಪತಿ ದೇವಸ್ಥಾನಕ್ಕೆ ನಡಿಗೆ. 1977ರಲ್ಲಿ ಪ್ರತಿಷ್ಠೆ ಆದ ದೇವಸ್ಥಾನ ಅದು. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ವಾಪಸ್. ಹೋಗುವಾಗ, ಬರುವಾಗ ದಾರಿಯಲ್ಲಿ ಸಿಗುವುದು ಚೀನಿಯರ ಪೇಟೆ. ಗಾಜಿನ ಹಿಂದೆ ನೇತುಹಾಕಿದ ಬಾತುಕೋಳಿ, ತೊಟ್ಟಿಯಲ್ಲಿ ಈಜುವ ಮೀನು, ಹಬೆಯಾಡುವ ಬಿದಿರಿನ ಬುಟ್ಟಿಗಳು. ಬೋರ್ಡುಗಳನ್ನು ಓದಲು ಬರುತ್ತಿರಲಿಲ್ಲ. ಇಷ್ಟು ಹೋಟೆಲುಗಳಲ್ಲಿ ಎಲ್ಲಿಗೆ ಹೋಗಿ ಕೂರುವುದು ಅಂತ ತಿಳಿಯದೆ ಸುಮ್ನೆ ನೋಡಿಕೊಂಡು ಬರುತ್ತಿದ್ದೆವು.

ಒಂದು ದಿನ ಫೋನಿನಲ್ಲಿ ಜಾಸ್ತಿ ಸ್ಟಾರ್ ಇದ್ದ ಒಂದು ದೊಡ್ಡ ಹೋಟೆಲಿಗೆ ಹೋದೆವು. ಮೆನು 14 ಪುಟ. ಸಿಚುವಾನ್, ಹುನಾನ್, ಕ್ಯಾಂಟನ್ ಅಂತ ಚೀನಾದ ಬೇರೆ ಬೇರೆ ಕಡೆಯ ಊಟ, ಜೊತೆಗೆ ಥಾಯ್ ಕೂಡ. ನಾಲ್ಕು ಐಟಂ ತರಿಸಿದೆವು. ನಾಲ್ಕಕ್ಕೂ ಅದೇ ಕಂದು ಬಣ್ಣದ, ಸ್ವಲ್ಪ ಸಿಹಿ ಇರುವ ಗಟ್ಟಿ ಸಾಸ್. ತಿನ್ನಲು ತೊಂದರೆ ಇರಲಿಲ್ಲ, ಆದರೆ ಅದು ಯಾವ ಊರಿನ ಊಟವೂ ಆಗಿರಲಿಲ್ಲ.

ಮಾರನೇ ದಿನ ಆಫೀಸಿನಲ್ಲಿ ಇದನ್ನು ಹೇಳಿದೆ. ನನ್ನ ಪಕ್ಕ ಕೂರುವವರು ಸಿಚುವಾನ್‌ನ ಚೆಂಗ್ಡುವಿನವರು. "ಒಳ್ಳೆ ಚೈನೀಸ್ ಹೋಟೆಲ್ ಎಲ್ಲಿದೆ?" ಅಂತ ಕೇಳಿದೆ. ಅವರು "ನಿಮಗೆ ಯಾವ ಊರಿನ ಊಟ ಬೇಕು?" ಅಂತ ತಿರುಗಿ ಕೇಳಿದರು. ನಾನು ಕುಮಟಾ ಕಡೆಯವನು. "ಒಳ್ಳೆ ಇಂಡಿಯನ್ ಊಟ ಎಲ್ಲಿ ಸಿಗುತ್ತೆ?" ಅಂತ ಯಾರಾದರೂ ಕೇಳಿದರೆ ನಾನೂ ಅದನ್ನೇ ಕೇಳುತ್ತಿದ್ದೆ. ಜೋಳದ ರೊಟ್ಟಿ ಎಣ್ಣೆಗಾಯಿಗೆ ಖಾನಾವಳಿಗೆ ಹೋಗಬೇಕು, ಬಂಗಡೆ ಸಾರಿಗೆ ಕರಾವಳಿಯವರ ಹತ್ತಿರ ಹೋಗಬೇಕು. ಎರಡನ್ನೂ ಒಂದೇ ಕಡೆ ಹುಡುಕಿದರೆ ಎರಡೂ ಸಿಗಲ್ಲ ಅಲ್ವಾ?

ಅಲ್ಲಿಂದ ನಾನು ಹೋಟೆಲ್ ಹುಡುಕುವುದನ್ನು ಬಿಟ್ಟು, ಯಾವ ಪ್ರಾಂತ್ಯದ ಜನ ಎಲ್ಲಿದ್ದಾರೆ ಅಂತ ಮೊದಲು ತಿಳಿದುಕೊಂಡೆ. ಅಮೆರಿಕಕ್ಕೆ ಹಿಂದಿನ ಕಾಲದಲ್ಲಿ ಬಂದ ಚೀನಿಯರು ಹೆಚ್ಚಾಗಿ ಗ್ವಾಂಗ್‌ಡಾಂಗ್‌ನ ತೈಶಾನ್ ಸುತ್ತಮುತ್ತಲಿನವರು. ಗ್ವಾಂಗ್‌ಡಾಂಗ್ ಅಂದರೆ ಕ್ಯಾಂಟನ್ ಸೀಮೆ. 1882ರ ಕಾಯ್ದೆ ಚೀನಿ ಕೂಲಿಕಾರರು ಬರುವುದನ್ನೇ ನಿಲ್ಲಿಸಿತು. ಅದಕ್ಕೇ ಬಹಳ ಕಾಲ ಇಲ್ಲಿ ಚೀನಿ ಊಟ ಅಂದರೆ ಕ್ಯಾಂಟನ್ ಕಡೆಯ ಊಟ ಅಂತಲೇ ಆಗಿತ್ತು. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಬೇರೆ ಬೇರೆ ಕಡೆಯವರು ಬಂದರು. ಮ್ಯಾನ್‌ಹಟನ್ ಚೈನಾಟೌನ್‌ನ ಹಳೆಯ ಬೀದಿಗಳಲ್ಲಿ ಕ್ಯಾಂಟನ್‌ನವರು, ಅದರ ಪಕ್ಕ ಈಸ್ಟ್ ಬ್ರಾಡ್‌ವೇಯಲ್ಲಿ ಫುಜಿಯಾನ್‌ನ ಫುಝೋ ಕಡೆಯವರು. ಫ್ಲಶಿಂಗ್‌ಗೆ ಮೊದಲು ತೈವಾನ್‌ನವರು ಬಂದರು, ಆಮೇಲೆ ಉತ್ತರ ಚೀನಾದವರು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೀನಿನ ಉಂಡೆಯ ಸಾರಿಗೆ ಈಸ್ಟ್ ಬ್ರಾಡ್‌ವೇ, ಗೋಧಿ ನೂಡಲ್ಸ್ ಮತ್ತು ಕುರಿ ಮಾಂಸಕ್ಕೆ ಫ್ಲಶಿಂಗ್.

ಎರಡನೆಯದು ಬೋರ್ಡು. ಸಹೋದ್ಯೋಗಿ ಒಂದು ಚೀಟಿಯಲ್ಲಿ ಐದಾರು ಅಕ್ಷರ ಬರೆದುಕೊಟ್ಟರು. ಸಿಚುವಾನ್‌ನ ಗುರುತು ಎಲ್ಲಕ್ಕಿಂತ ಸುಲಭ. ಮೂರು ಉದ್ದ ಗೀಟು, ಎಡಗಡೆಯದು ಮಾತ್ರ ಕೆಳಗೆ ಸ್ವಲ್ಪ ಬಾಗಿರುತ್ತೆ. ಹೊಳೆ ಅಂತ ಅದರ ಅರ್ಥ, ಓದುವುದು ಚ್ವಾನ್ ಅಂತ. ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಮುಂದಿನ ಭಾನುವಾರ ಅದೇ ಮೇನ್ ಸ್ಟ್ರೀಟ್‌ನಲ್ಲಿ ಆ ಮೂರು ಗೀಟು ನಾಲ್ಕೈದು ಕಡೆ ಕಾಣಿಸಿತು. ಅಷ್ಟು ದಿನ ಅದೇ ಬೋರ್ಡುಗಳ ಕೆಳಗೇ ಓಡಾಡಿದ್ದೆ.

ಪ್ರತಿ ಪ್ರಾಂತ್ಯಕ್ಕೆ ಒಂದು ಐಟಂ ಇಟ್ಟುಕೊಂಡು ಹೋಗುವುದು ನಾನು ಮಾಡಿಕೊಂಡ ಕ್ರಮ. ಸಿಚುವಾನ್ ಹೋಟೆಲ್ ಅಂದರೆ ಮಾಪೋ ತೋಫು, ಖಾರದ ಸಾಸಿನಲ್ಲಿ ಬೇಯಿಸಿದ ಸೋಯಾ ಪನೀರು. ಬರೀ ಕೆಂಪಗೆ, ಖಾರವಾಗಿ ಇದ್ದರೆ ಸಾಲದು. ಹುದುಗಿಸಿದ ಅವರೆ ಜಾತಿಯ ಕಾಳು ಮತ್ತು ಮೆಣಸಿನಕಾಯಿಯ ದೌಬಾನ್ ಪೇಸ್ಟನ್ನು ಎಣ್ಣೆಯಲ್ಲಿ ಹುರಿದ ಘಮ ಬರಬೇಕು. ಎಣ್ಣೆ ಕೆಂಪಾಗಿ ಮೇಲೆ ತೇಲಬೇಕು. ತೋಫು ಚಮಚ ತಾಗಿದರೆ ನಡುಗುವಷ್ಟು ಮೆತ್ತಗಿರಬೇಕು. ಮೇಲೆ ಆಗಷ್ಟೇ ಪುಡಿ ಮಾಡಿದ ಹ್ವಾಜಿಯಾವ್, ಅಂದರೆ ಸಿಚುವಾನ್ ಮೆಣಸು, ಉದುರಿಸಿರಬೇಕು. ಮೊದಲ ತುತ್ತಿಗೆ ನಿಂಬೆ ಸಿಪ್ಪೆಯ ಹಾಗೆ ವಾಸನೆ, ಅರ್ಧ ನಿಮಿಷದಲ್ಲಿ ತುಟಿಯ ಅಂಚಿನಿಂದ ಜುಮ್ಮೆನ್ನಲು ಶುರು. ಆಮೇಲೆ ನೀರು ಕುಡಿದರೆ ನೀರಿಗೂ ಬೇರೆ ರುಚಿ. ಈ ಜುಮ್ಮು ಮತ್ತು ಖಾರ ಸೇರಿದ್ದಕ್ಕೆ ಅವರು 'ಮಾಲಾ' ಅನ್ನುತ್ತಾರೆ.

ನನಗೆ ಆ ಜುಮ್ಮು ಹೊಸದಲ್ಲ. ನಮ್ಮ ಕಡೆ ಬಂಗಡೆ ಸಾರಿಗೆ ಅಮ್ಮ ಹಾಕುವ ಜುಮ್ಮನಕಾಯಿ, ಕೊಂಕಣಿ ಮನೆಗಳ ತೆಪ್ಪಲ, ಇದೇ ಕುಲದ್ದು. ಅಮ್ಮ ಇಲ್ಲಿಗೆ ಬಂದಾಗ ಅಂಗಡಿಯಲ್ಲಿ ಹ್ವಾಜಿಯಾವ್ ಪೊಟ್ಟಣ ತೆಗೆದು ಮೂಸಿಸಿದೆ. ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, "ಇದು ನಮ್ಮದಕ್ಕಿಂತ ಜೋರಿದೆ ಮಾರಾಯಾ" ಅಂದರು. ಈ ಕಾಳಿನ ಆಮದನ್ನು ಅಮೆರಿಕ 1968ರಿಂದ 2005ರವರೆಗೆ ನಿಷೇಧಿಸಿತ್ತು. ಕಿತ್ತಳೆ ಜಾತಿಯ ಗಿಡಗಳಿಗೆ ಬರುವ ರೋಗ ಇದರ ಜೊತೆ ಬಂದೀತು ಅನ್ನುವ ಭಯ. 2005ರಲ್ಲಿ ಬಿಸಿ ಮಾಡಿದ ಕಾಳನ್ನು ತರಲು ಒಪ್ಪಿಗೆ ಕೊಟ್ಟರು. ಹಳೆಯ ಹೋಟೆಲುಗಳಲ್ಲಿ ಸಿಚುವಾನ್ ಅಂತ ಹೆಸರಿದ್ದರೂ ನಾಲಿಗೆ ಯಾಕೆ ಜುಮ್ಮೆನ್ನುತ್ತಿರಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಷಾನ್‌ಶಿ ಪ್ರಾಂತ್ಯದ ಶಿಯಾನ್ ಊರಿನ ಊಟಕ್ಕೆ ಕೈಯಲ್ಲಿ ಎಳೆದ ಬಿಯಾಂಗ್‌ಬಿಯಾಂಗ್ ನೂಡಲ್ಸ್ ನೋಡುತ್ತೇನೆ. ಫುಡ್ ಕೋರ್ಟಿನಲ್ಲಿ ಅಡುಗೆಯವರು ಹಿಟ್ಟಿನ ಪಟ್ಟಿಯನ್ನು ಎರಡು ತುದಿ ಹಿಡಿದು ಕಟ್ಟೆಗೆ ರಪರಪ ಬಡಿಯುತ್ತಾರೆ. ಬಡಿದಷ್ಟೂ ಅದು ಉದ್ದ ಆಗುತ್ತೆ. ಬೆಲ್ಟಿನಷ್ಟು ಅಗಲದ ನೂಡಲ್ಸ್ ಮೇಲೆ ಖಾರದ ಪುಡಿ, ಅದರ ಮೇಲೆ ಕುದಿವ ಎಣ್ಣೆ. ಇಡೀ ಅಮೆರಿಕಕ್ಕೆ ಗೊತ್ತಾದ ಶಿಯಾನ್ ಫೇಮಸ್ ಫುಡ್ಸ್ ಅನ್ನುವ ಹೋಟೆಲ್ ಸರಣಿ 2005ರಲ್ಲಿ ಶುರುವಾದದ್ದೂ ಫ್ಲಶಿಂಗ್‌ನಲ್ಲೇ, ಗೋಲ್ಡನ್ ಶಾಪಿಂಗ್ ಮಾಲ್‌ನ ನೆಲಮಾಳಿಗೆಯಲ್ಲಿ. ನೆಲಮಾಳಿಗೆ, ಮೂಲೆಯ ಕೌಂಟರು, ಆರು ಸ್ಟೂಲು ಅಂತ ಯಾವ ಜಾಗವನ್ನೂ ಬಿಟ್ಟು ಹೋಗಬೇಡಿ. ಬಾಗಿಲಲ್ಲಿ ಆರೋಗ್ಯ ಇಲಾಖೆಯ ಎ, ಬಿ, ಸಿ ಗ್ರೇಡ್ ಅಂಟಿಸಿರುತ್ತಾರೆ, ಅದನ್ನು ನೋಡಿಕೊಂಡರೆ ಆಯಿತು.

ಈಶಾನ್ಯದ ದೊಂಗ್‌ಬೇ ಕಡೆಯವರ ಹೋಟೆಲುಗಳೂ ಫ್ಲಶಿಂಗ್‌ನಲ್ಲಿವೆ. ನಾವು ಮಂಚೂರಿಯಾ ಅನ್ನುವುದು ಆ ಸೀಮೆಯನ್ನೇ. ಅಲ್ಲಿನ ಊಟಕ್ಕೂ ನಮ್ಮ ಗೋಬಿ ಮಂಚೂರಿಗೂ ಸಂಬಂಧವೇ ಇಲ್ಲ. ಅದು ಚಳಿ ಸೀಮೆಯ ಊಟ. ಹುಳಿ ಬರಿಸಿದ ಕೋಸು, ಆಲೂಗಡ್ಡೆ, ಜಿಯಾವ್‌ಜ಼ ಅನ್ನುವ ಕಡುಬು.

ಸಸ್ಯಾಹಾರಿಗಳು ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಹೆಂಡತಿ ಮೈಸೂರಿನವಳು, ಮೊಟ್ಟೆ ಕೂಡ ತಿನ್ನಲ್ಲ. ಮೊದಲ ತಿಂಗಳು ಅವಳಿಗೆ ಎರಡು ಸಲ ಮೋಸ ಆಯಿತು. ಹುರಿದ ಬೀನ್ಸ್ ತರಿಸಿದರೆ ಅದರಲ್ಲಿ ಸಣ್ಣಗೆ ಕೊಚ್ಚಿದ ಹಂದಿ ಮಾಂಸ. ಮಾಪೋ ತೋಫುವಿನಲ್ಲೂ ಅಷ್ಟೇ. "ವೆಜಿಟೇರಿಯನ್" ಅಂದರೆ "ತರಕಾರಿ ಇದೆ" ಅಂತ ಅರ್ಥ ಮಾಡಿಕೊಂಡು ತಲೆ ಆಡಿಸುತ್ತಾರೆ. ಈಗ "ವೊ ಛ್ರ್ ಸು" ಅನ್ನುತ್ತೇವೆ, ನಾನು ಸಸ್ಯಾಹಾರ ತಿನ್ನುತ್ತೇನೆ ಅಂತ. ಜೊತೆಗೆ ಕೊಚ್ಚಿದ ಮಾಂಸ, ಆಯ್ಸ್ಟರ್ ಸಾಸ್, ಮೊಟ್ಟೆ, ಹಂದಿ ಕೊಬ್ಬು ಬೇಡ ಅಂತ ಚೀನಿಯಲ್ಲಿ ಬರೆಸಿಕೊಂಡ ಚೀಟಿ ತೋರಿಸುತ್ತೇವೆ. ಅವಳು ಬಿಡದೆ ತರಿಸುವುದು ಮೂರು. ಎಳೆ ಎಳೆಯಾಗಿ ಹೆಚ್ಚಿ ಗರಿಗರಿ ಇರುವಾಗಲೇ ವಿನೆಗರ್ ಹಾಕಿ ಇಳಿಸಿದ ಆಲೂಗಡ್ಡೆ. ಬದನೆಕಾಯಿ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿಯ ದೀಸಾನ್‌ಶಿಯೆನ್. ಮತ್ತೆ ಸಿಚುವಾನ್‌ನ ಯೂಶಿಯಾಂಗ್ ಬದನೆಕಾಯಿ. ಇದರ ಹೆಸರಿನಲ್ಲಿ ಮೀನಿದೆ, ಅಡುಗೆಯಲ್ಲಿ ಇಲ್ಲ. ಮೀನಿಗೆ ಹಾಕುವ ಮಸಾಲೆ ಅಂತ ಆ ಹೆಸರು. ಇದಕ್ಕೂ ಕೆಲವರು ಮಾಂಸ ಸೇರಿಸುತ್ತಾರೆ, ಕೇಳಿಯೇ ತರಿಸಬೇಕು.

ಇನ್ನೊಂದು ವಿಷಯ ಸಮಯ. ಶನಿವಾರ ರಾತ್ರಿ ಹೋದರೆ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ವಾರದ ದಿನ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಸಿಬ್ಬಂದಿ ಕೂತು ಬೀನ್ಸ್ ನಾರು ತೆಗೆಯುತ್ತಾ ಇರುತ್ತಾರೆ, ಇಲ್ಲವೇ ತಾವೇ ಊಟ ಮಾಡುತ್ತಾ ಇರುತ್ತಾರೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ಅಡುಗೆಯವರು ಯಾವ ಊರಿನವರು? "ಏನು ಚೆನ್ನಾಗಿದೆ?" ಅಂತ ಕೇಳಿದರೆ ಹೊರಗಿನವರಿಗೆ ಕೊಡುವುದನ್ನೇ ತೋರಿಸುತ್ತಾರೆ. ಊರು ಕೇಳಿದರೆ ಮುಖ ಅರಳುತ್ತೆ. ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಕಡೆ ಕೈ ತೋರಿಸಿ, ಇದು ನಮ್ಮ ಕಡೆಯದು ಅನ್ನುತ್ತಾರೆ. ಆ ಕಾಗದದಲ್ಲಿ ಇರುವುದು ಎಷ್ಟೋ ಸಲ ಇಂಗ್ಲಿಷ್ ಮೆನುವಿನಲ್ಲಿ ಇರುವುದೇ ಇಲ್ಲ. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ನೋಡಿದರೆ ಸುಮಾರಾಗಿ ಗೊತ್ತಾಗುತ್ತೆ.

ಅಡುಗೆಯವರು ಬದಲಾದರೆ ಹೋಟೆಲೂ ಬದಲಾದ ಹಾಗೆ. ಬೋರ್ಡು ಅದೇ, ಮೆನು ಅದೇ, ರುಚಿ ಮಾತ್ರ ಬೇರೆ. ನಮಗೆ ಬಹಳ ಇಷ್ಟವಾಗಿದ್ದ ಒಂದು ಸಿಚುವಾನ್ ಹೋಟೆಲಿನಲ್ಲಿ ಒಂದು ದಿನ ಬದನೆಕಾಯಿ ಸಪ್ಪೆ ಬಂತು. ವಿನೆಗರ್ ಇಲ್ಲ, ಶುಂಠಿ ಇಲ್ಲ. ಹೆಂಡತಿ ಎರಡನೇ ತುತ್ತಿಗೇ ಚಾಪ್‌ಸ್ಟಿಕ್ ಕೆಳಗಿಟ್ಟಳು. ಬಿಲ್ ಕೊಡುವಾಗ ಕೌಂಟರಿನ ಆಂಟಿಯನ್ನು ಮೆಲ್ಲಗೆ ಕೇಳಿದೆ, ಹಳೆಯ ಅಡುಗೆಯವರು ಎಲ್ಲಿ ಅಂತ. ಅವರು ಒಳಗೆ ಒಮ್ಮೆ ನೋಡಿ, ಬಿಲ್ಲಿನ ಹಿಂದೆ ಒಂದು ಬೀದಿಯ ಹೆಸರು ಬರೆದು ಮಡಚಿ ಕೊಟ್ಟರು. ನಾಲ್ಕು ಬೀದಿ ಆಚೆ, ಮೊಬೈಲ್ ರಿಪೇರಿ ಅಂಗಡಿಯ ಪಕ್ಕ, ಐದು ಟೇಬಲ್ಲಿನ ಜಾಗ. ಬೋರ್ಡಿನ ಮೇಲೆ ಆ ಮೂರು ಗೀಟು. ಬದನೆಕಾಯಿ ತರಿಸಿದೆವು. ತಟ್ಟೆ ಟೇಬಲ್ಲಿಗೆ ಬರುವ ಮುಂಚೆಯೇ ವಿನೆಗರ್ ಮತ್ತು ಶುಂಠಿಯ ವಾಸನೆ ಬಂತು.