ಪಾಳು ಇಗರ್ಜಿಯ ಚರಿತ್ರೆ ಹುಡುಕುವುದಾದರೆ ಮೊದಲು ಹಂಚು ನೋಡಿ

ಉಡುಪಿ ಕಡೆ, ನನ್ನ ಅಮ್ಮನ ತವರಿನ ತೋಟದ ಆಚೆ ಒಂದು ಪಾಳುಬಿದ್ದ ಇಗರ್ಜಿ, ಅಂದರೆ ಚರ್ಚು, ಇದೆ. ಯಾರನ್ನು ಕೇಳಿದರೂ ‘ಟಿಪ್ಪು ಕೆಡವಿಸಿದ್ದು’ ಎಂಬ ಒಂದೇ ಉತ್ತರ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ಇಗರ್ಜಿಗಳನ್ನು ಕೆಡವಿದ್ದು ನಿಜ. 1799ರವರೆಗೂ ಆ ಸೆರೆ ಮುಗಿಯಲಿಲ್ಲ. ಆದರೆ ಪ್ರತಿಯೊಂದು ಮುರುಕು ಗೋಡೆಯೂ ಆ ಕಾಲದ್ದಲ್ಲ. ನಿಮ್ಮೂರಿನಲ್ಲೂ ಇಂಥದ್ದಿದ್ದರೆ ಹೀಗೆ ಹುಡುಕಿ.

ಮೊದಲು ಈಗಿನ ಇಗರ್ಜಿಯ ವಿಗಾರರ (ಮುಖ್ಯ ಪಾದ್ರಿಯ) ಒಪ್ಪಿಗೆ ಕೇಳಿ. ಅಡಿಯಲ್ಲಿ ಸಮಾಧಿಗಳೂ ಇರಬಹುದು. ಜನವರಿ ಕಳೆದ ಮೇಲೆ ಹೋಗಿ, ಹುಲ್ಲು ಒಣಗಿರುತ್ತದೆ. ಟೇಪು, ಬ್ರಷ್, ನೋಟ್‌ಬುಕ್ ಸಾಕು. ಹಾರೆ ಬೇಡವೇ ಬೇಡ. ಅಗೆದರೆ ಯಾವುದರ ಮೇಲೆ ಯಾವುದು ಬಿದ್ದಿತ್ತು ಎಂಬುದೇ ಕಲಸಿಹೋಗುತ್ತದೆ.

ಈಗ ಹಂಚಿನ ತುಂಡುಗಳನ್ನು ಮಗುಚಿ ನೋಡಿ. ಅಂಗೈಯಷ್ಟು ತುಂಡಾದರೂ ಆದೀತು. ಕೈಯಲ್ಲಿ ಮಾಡಿದ ಅರ್ಧ ಕೊಳವೆಯಂಥ ಹಂಚೋ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚೋ? ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹಾಗಾಗಿ ಮಂಗಳೂರು ಹಂಚು ಸಿಕ್ಕಿದರೆ ಆ ಮಾಡು (ಚಾವಣಿ) ಅದಕ್ಕಿಂತ ಹಿಂದಿನದಲ್ಲ. ಗೋಡೆ ಹಳೆಯದಿರಬಹುದು, ಹಂಚು ಆಮೇಲೆ ಹೊದಿಸಿರಬಹುದು. ಆದರೂ ಹೊಸ ಹಂಚು ಹೊದಿಸಿದ್ದಾರೆ ಅಂದರೆ ಅಲ್ಲಿ ಜನ ಸೇರುತ್ತಿದ್ದರು, ಅಲ್ವಾ?

ಇಲ್ಲಿ ನಾನೇ ತಪ್ಪಿದ್ದೆ. ಹಂಚಿನಲ್ಲಿ 1865 ಎಂಬ ಅಚ್ಚು ಕಂಡು, ಅದನ್ನೇ ಇಗರ್ಜಿಯ ವರ್ಷ ಎಂದು ಬರೆದಿಟ್ಟುಕೊಂಡೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಮಾತ್ರ ಇನ್ನೂ ಹತ್ತಿರಕ್ಕೆ ಬರಬಹುದು. ಮೊದಲ ಮಹಾಯುದ್ಧದ ನಂತರ ಮಿಶನ್‌ನ ಕಾರ್ಖಾನೆಗಳು ಆ ಕಂಪನಿಯ ಕೈಸೇರಿದವು.

ಗೋಡೆಯ ಅಳತೆ, ಆಲ್ತಾರಿನ (ಪೂಜಾಪೀಠದ) ದಿಕ್ಕು ಬರೆದುಕೊಳ್ಳಿ. ಮುರಕಲ್ಲು (ಜಂಬಿಟ್ಟಿಗೆ) ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಮಾಡು ಹೋದ ಮೇಲೆ ಕಲ್ಲುಗಳ ನಡುವಿನ ಮಣ್ಣನ್ನು ಮಳೆ ತೊಳೆದುಬಿಡುತ್ತದೆ. ಗೋಡೆ ಬೀಳಲು ಶತ್ರು ಬೇಕೆಂದೇನೂ ಇಲ್ಲ.

ಹಿರಿಯರ ಹತ್ತಿರ ‘ಯಾವ ವರ್ಷ’ ಎಂದು ಕೇಳಬೇಡಿ. ‘ನಿಮ್ಮ ಅಜ್ಜಿಯ ಮದುವೆ ಯಾವ ಇಗರ್ಜಿಯಲ್ಲಿ?’ ಎಂದು ಕೇಳಿ. ನನ್ನ ದೊಡ್ಡಜ್ಜಿಯ ಮದುವೆ ಆದದ್ದು ಅದೇ ಪಾಳು ಇಗರ್ಜಿಯಲ್ಲಿ! ಅಂದರೆ ಅದು ಬಿದ್ದದ್ದು ಟಿಪ್ಪುವಿನ ಕಾಲಕ್ಕಿಂತ ನೂರು ವರ್ಷಕ್ಕೂ ಜಾಸ್ತಿ ಆಮೇಲೆ.

ಕೊನೆಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳು. ಹಳೆಯ ಹಾಳೆಗಳು ಲ್ಯಾಟಿನ್‌ನಲ್ಲಿದ್ದರೆ ಹೆದರಬೇಡಿ, ಮನೆಯವರ ಹೆಸರುಗಳನ್ನು ಪಟ್ಟಿ ಮಾಡಿಕೊಂಡು ಹೋಗಿ. ಅಲ್ಲಿನ ಯೊಹಾನ್ನೆಸ್ ನಿಮ್ಮ ಮನೆಯ ಜುವಾಂವ್ ಇರಬಹುದು, ಎರಡೂ ಒಂದೇ ಹೆಸರು.