ಕೈಹಿಡಿಕೆಯ ರೋಸ್ ಎಂಜಿನ್ ಲೇತ್‌ಗೆ ಮೋಟರ್ ಕೂರಿಸುವುದು

ಮರದ ಡಬ್ಬಿಯ ಮುಚ್ಚಳದ ಮೇಲೆ 24 ದಳದ ಹೂ ತೆಗೆಯಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತಿತ್ತು. ಎಡಗೈಯಲ್ಲಿ ಹಿಡಿಕೆ ತಿರುಗಿಸಬೇಕು, ಬಲಗೈಯಲ್ಲಿ ಕಟರ್ ಮುಂದಕ್ಕೆ ಕೊಡಬೇಕು, ಕಣ್ಣು ಮರದ ಮೇಲಿರಬೇಕು. ಸಂಜೆ ಹೊತ್ತಿಗೆ ಮಣಿಕಟ್ಟು ಸೋತು ಹೋಗುತ್ತಿತ್ತು. ನೋವನ್ನಾದರೂ ತಡೆದುಕೊಳ್ಳಬಹುದು. ಆದರೆ ಕೈ ಒಂದು ಕ್ಷಣ ನಿಂತರೂ ಕಟರ್ ಅಲ್ಲೇ ಉಜ್ಜಿ ಮರ ಕಂದು ಬಣ್ಣಕ್ಕೆ ಸುಡುತ್ತದೆ. ಆ ಕಲೆ ತೆಗೆಯಲು ಮತ್ತೆ ಇಡೀ ಸುತ್ತು ಇನ್ನಷ್ಟು ಆಳಕ್ಕೆ ಹೋಗಬೇಕು. ಮೋಟರ್ ಹಾಕಲು ಹೊರಟಿದ್ದು ಈ ಕಲೆಯ ಕಾಟಕ್ಕೇ.

ಈ ಯಂತ್ರ ಹೊಸದಾಗಿ ನೋಡುವವರಿಗೆ ಎರಡು ಮಾತು. ಮಾಮೂಲಿ ಲೇತ್‌ನಲ್ಲಿ ಮರ ಜೋರಾಗಿ ತಿರುಗುತ್ತದೆ, ಉಳಿ ಅಲ್ಲಾಡದೆ ನಿಲ್ಲುತ್ತದೆ. ಇಲ್ಲಿ ಉಲ್ಟಾ. ಕಟರ್ ತನ್ನದೇ ಮೋಟರಿನಲ್ಲಿ ಸಾವಿರಾರು ಸುತ್ತಿನ ವೇಗದಲ್ಲಿ ತಿರುಗುತ್ತದೆ, ಮರ ನಿಮಿಷಕ್ಕೆ ಒಂದೆರಡು ಸುತ್ತು ಮಾತ್ರ. ಮರವನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್ ಮೇಲೆ ಅಲೆ ಅಲೆಯಾಗಿ ಕತ್ತರಿಸಿದ ರೊಸೆಟ್ ಎಂಬ ಚಕ್ರ ಇರುತ್ತದೆ. ಅದಕ್ಕೆ ಒತ್ತಿಕೊಂಡು ನಿಲ್ಲುವ ತುಂಡಿಗೆ ರಬ್ಬರ್ ಅಂತ ಹೆಸರು. ಹೆಸರು ಹಾಗಿದ್ದರೂ ಅದು ಲೋಹದ್ದು, ಇಲ್ಲವೇ ಒಂದು ಸಣ್ಣ ಬೇರಿಂಗ್. ಸ್ಪ್ರಿಂಗ್ ಎಳೆತಕ್ಕೆ, ಸ್ಪಿಂಡಲ್ ಹೊತ್ತ ಇಡೀ ಹೆಡ್‌ಸ್ಟಾಕ್ ರೊಸೆಟ್‌ನ ಏರಿಳಿತದಂತೆ ಆಚೆ ಈಚೆ ತೂಗುತ್ತದೆ, ಮರದ ಮೇಲೆ ಅದೇ ಹೂ ಮೂಡುತ್ತದೆ.

ಇಲ್ಲಿಂದಲೇ ಮೊದಲ ನಿಯಮ ಬರುತ್ತದೆ. ಮೋಟರ್ ನಿಮ್ಮ ಕೈಯ ಜಾಗಕ್ಕೆ ಬರಬೇಕು, ಅಷ್ಟೇ. ಯಂತ್ರದೊಳಗಿನ ಬೇರೆ ಯಾವ ಕೊಂಡಿಯನ್ನೂ ಬಿಡಿಸಬೇಡಿ.

ನಾನು ಮೊದಲ ಸಲ ಇದನ್ನು ಪಾಲಿಸಲಿಲ್ಲ. ಹಿಡಿಕೆಯ ಶಾಫ್ಟ್ ತೆಗೆದು, ಮೋಟರನ್ನು ಹಿಂದುಗಡೆ ಹಲಗೆಗೆ ಬಿಗಿದು, ಅಲ್ಲಿಂದ ಸೀದಾ ಸ್ಪಿಂಡಲ್‌ಗೆ ಬೆಲ್ಟ್ ಎಳೆದೆ. ತಿರುಗಿತೇನೋ ನಿಜ. ಆದರೆ ಹೆಡ್‌ಸ್ಟಾಕ್ ಮೋಟರಿನಿಂದ ದೂರಕ್ಕೆ ತೂಗಿದಾಗಲೆಲ್ಲ ಬೆಲ್ಟ್ ಬಿಗಿಯಾಗುತ್ತಿತ್ತು. ಸ್ಪ್ರಿಂಗ್ ಅದನ್ನು ರೊಸೆಟ್‌ನ ತಗ್ಗಿಗೆ ಪೂರ್ತಿ ಎಳೆಯಲು ಬೆಲ್ಟ್ ಬಿಡುತ್ತಿರಲಿಲ್ಲ. ಬಗ್ಗಿ ನೋಡಿದರೆ ರಬ್ಬರ್ ಮತ್ತು ರೊಸೆಟ್ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಚೂಪಾಗಿ ಬರಬೇಕಿದ್ದ ದಳದ ಸಂದುಗಳೆಲ್ಲ ಮೊಂಡಾಗಿದ್ದವು.

ಹಳೆಯ ಹಿಡಿಕೆಯ ಶಾಫ್ಟ್ ಹೆಡ್‌ಸ್ಟಾಕ್ ತೂಗುವ ಕೀಲಿನ ನೇರಕ್ಕೇ ಇತ್ತು. ಅದು ಸುಮ್ನೆ ಅಲ್ಲಿರಲಿಲ್ಲ. ಕೀಲಿನಿಂದ ಸ್ಪಿಂಡಲ್‌ಗೆ ಇರುವ ದೂರ ಹೆಡ್‌ಸ್ಟಾಕ್ ಎಷ್ಟು ತೂಗಿದರೂ ಬದಲಾಗುವುದಿಲ್ಲ, ಹಾಗಾಗಿ ಬೆಲ್ಟ್ ಬಿಗಿಯೂ ಬದಲಾಗುವುದಿಲ್ಲ. ಈಗ ಶಾಫ್ಟನ್ನು ವಾಪಸ್ ಅಲ್ಲೇ ಹಾಕಿದ್ದೇನೆ. ಮೋಟರ್ ಆ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟ್ ಹಿಂದಿನಂತೆಯೇ ಸ್ಪಿಂಡಲನ್ನು ತಿರುಗಿಸುತ್ತದೆ. ನಿಮ್ಮದು ಸುರುಳಿ ತೆಗೆಯುವ ಯಂತ್ರವಾಗಿದ್ದು, ಹಿಡಿಕೆಯಿಂದ ಮರಕ್ಕೂ ಕಟರ್ ಗಾಡಿಗೂ ಒಟ್ಟಿಗೆ ಗೇರ್ ಹೋಗುತ್ತಿದ್ದರೆ ಅಲ್ಲೂ ಇದೇ ಮಾತು. ಎಲ್ಲ ಗೇರಿಗೂ ಮೊದಲು, ಹಿಡಿಕೆಯ ಶಾಫ್ಟಿಗೇ ಮೋಟರ್ ಕೊಡಿ.

ಮೋಟರ್ ಕೊಳ್ಳುವ ಮುಂಚೆ ಎರಡು ಅಳತೆ ಬೇಕು. ಒಂದು, ವೇಗ. ಗಡಿಯಾರ ಇಟ್ಟುಕೊಂಡು, ನಿಮ್ಮ ಕೈಗೆ ಚೆನ್ನಾಗಿ ಬರುವ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ನೋಡಿ. ನನ್ನದು 40 ಸೆಕೆಂಡ್. ನನ್ನ ಯಂತ್ರದಲ್ಲಿ ಹಿಡಿಕೆ 6 ಸಲ ತಿರುಗಿದರೆ ಸ್ಪಿಂಡಲ್ 1 ಸುತ್ತು. ಅಂದರೆ ಹಿಡಿಕೆಯ ಶಾಫ್ಟಿಗೆ ನಿಮಿಷಕ್ಕೆ 9 ಸುತ್ತು ಸಾಕು.

ಎರಡು, ಬಲ. ಹಿಡಿಕೆಯ ತೋಳನ್ನು ಅಡ್ಡಡ್ಡ ನಿಲ್ಲಿಸಿ, ತುದಿಗೆ ಒಂದು ಬಾಟಲಿ ಕಟ್ಟಿ. ರಬ್ಬರ್ ರೊಸೆಟ್‌ನ ಕಡಿದಾದ ಏರಿನಲ್ಲಿ ನಿಂತಿರಲಿ. ಹಿಡಿಕೆ ತಾನಾಗಿ ಇಳಿಯುವ ತನಕ ಬಾಟಲಿಗೆ ನೀರು ತುಂಬುತ್ತಾ ಹೋಗಿ, ಆಮೇಲೆ ತೂಗಿ. ನನಗೆ ಒಂದೂವರೆ ಕಿಲೋ ಬಂತು. ತೋಳಿನ ಉದ್ದ 100 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 1.5 ನ್ಯೂಟನ್ ಮೀಟರ್. ಅದರ ಎರಡರಷ್ಟು ಇಟ್ಟುಕೊಳ್ಳಿ, ಅಂದರೆ 3. ನಡುವೆ 15 ಹಲ್ಲಿನ ಮತ್ತು 60 ಹಲ್ಲಿನ ಪುಲ್ಲಿ ಹಾಕಿದರೆ ಬಲ ನಾಲ್ಕು ಪಟ್ಟಾಗುತ್ತದೆ. ಆಗ ಮೋಟರಿನಿಂದ ಬೇಕಾಗುವುದು 0.75 ಮಾತ್ರ. 1.9 ನ್ಯೂಟನ್ ಮೀಟರ್ ಹಿಡಿತದ ನೀಮಾ 23 ಅಳತೆಯ ಸ್ಟೆಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು) ಇದಕ್ಕೆ ಧಾರಾಳವಾಯ್ತು.

ಸ್ಟೆಪರ್ ಯಾಕೆ ಅಂತ ಕೇಳಬಹುದು. ಕಾರಿನ ವೈಪರ್ ಮೋಟರ್ ಕೂಡ ಹಾಕಿ ನೋಡಿದ್ದೇನೆ. ಬಲಕ್ಕೇನೂ ಕೊರತೆ ಇಲ್ಲ. ಆದರೆ ವೇಗ ತುಂಬಾ ಇಳಿಸಿದಾಗ ರೊಸೆಟ್‌ನ ಏರಿನಲ್ಲಿ ತಡವರಿಸಿ, ಇಳಿಜಾರಿನಲ್ಲಿ ಜಾರುತ್ತದೆ. ಮರದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ದಳದ ಒಂದು ಬದಿ ನುಣುಪು, ಇನ್ನೊಂದು ಬದಿ ಗೆರೆ ಗೆರೆ. ಸ್ಟೆಪರ್ ಹಾಗಲ್ಲ. ಹೊರೆ ಅದರ ಶಕ್ತಿಯೊಳಗೆ ಇರುವವರೆಗೆ ಏರಿರಲಿ, ಇಳಿಜಾರಿರಲಿ, ಹೇಳಿದಷ್ಟೇ ವೇಗದಲ್ಲಿ ತಿರುಗುತ್ತದೆ.

ಜೋಡಿಸುವಾಗ ಮೋಟರ್ ಪಟ್ಟಿಯ ತೂತುಗಳನ್ನು ಉದ್ದುದ್ದ ಕೊರೆಯಿರಿ, ಬೆಲ್ಟ್ ಬಿಗಿ ಮಾಡಲು ಜಾಗ ಬೇಕಲ್ವಾ. ಮೋಟರಿನಿಂದ ಶಾಫ್ಟಿಗೆ ಹಲ್ಲಿನ ಬೆಲ್ಟ್ ಇರಲಿ. ಶಾಫ್ಟಿನಿಂದ ಸ್ಪಿಂಡಲ್‌ಗೆ ಮಾತ್ರ ದುಂಡನೆಯ ಪಾಲಿಯುರೇಥೇನ್ ಬೆಲ್ಟನ್ನೇ ಬಿಡಿ. ಕಟರ್ ಎಲ್ಲಾದರೂ ಸಿಕ್ಕಿಕೊಂಡರೆ ಅದು ಜಾರುತ್ತದೆ, ಕಟರ್ ಉಳಿಯುತ್ತದೆ. ಜಾರಿದರೆ ಹೂ ಕೆಡುತ್ತದೆ ಅನ್ನುವ ಭಯ ಬೇಡ. ರೊಸೆಟ್ಟೂ ಮರವೂ ಒಂದೇ ಸ್ಪಿಂಡಲ್ ಮೇಲಿರುವುದರಿಂದ ಅವೆರಡರ ಹೊಂದಿಕೆ ತಪ್ಪುವುದಿಲ್ಲ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಪೆಟ್ಟಿಗೆಯ ಮೇಲೇ ಚಿತ್ರ ಇರುತ್ತದೆ. 24 ಅಥವಾ 36 ವೋಲ್ಟಿನ ಸಪ್ಲೈ, ಒಂದು ಡ್ರೈವರ್, ಗುಂಡಿ ತಿರುಗಿಸಿ ವೇಗ ಬದಲಿಸುವ ಒಂದು ಪಲ್ಸ್ ಜನರೇಟರ್, ಇಷ್ಟೇ. ಮೋಟರಿನ ನಾಲ್ಕು ವೈರಿನಲ್ಲಿ ಯಾವ ಎರಡು ಜೋಡಿ ಅಂತ ತಿಳಿಯದಿದ್ದರೆ, ಎಲ್ಲೂ ಜೋಡಿಸದ ಮೋಟರಿನ ಎರಡು ವೈರಿನ ತುದಿಗಳನ್ನು ಮುಟ್ಟಿಸಿ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ಬಿಗಿಯಾಗಿ ಕಟಕಟ ಅಂದರೆ ಅದೇ ಜೋಡಿ. ಕರೆಂಟ್ ಇರುವಾಗ ಮೋಟರಿನ ವೈರ್ ಮಾತ್ರ ಎಂದೂ ಕೀಳಬೇಡಿ, ಡ್ರೈವರ್ ಸುಟ್ಟು ಹೋಗಬಹುದು. ಸುತ್ತಿಗೆ 3200 ಪಲ್ಸ್ ಬರುವ ಹಾಗೆ ಹೆಜ್ಜೆಯನ್ನು ಸಣ್ಣದಾಗಿ ಒಡೆಯುವ ಮೈಕ್ರೋಸ್ಟೆಪ್ ಸ್ವಿಚ್ ಇಡಿ. ಮೋಟರಿನ ಮೂಲ 200 ಹೆಜ್ಜೆಯಲ್ಲೇ ಬಿಟ್ಟರೆ ಮೋಟರ್ ಒಂದೊಂದು ಹೆಜ್ಜೆಗೂ ಅದುರುತ್ತದೆ, ಆ ಅದುರು ಮರದ ಮೇಲೆ ಸಣ್ಣ ಅಲೆಯಾಗಿ ಬೀಳುತ್ತದೆ. ಸಪ್ಲೈಗೆ ಅರ್ತಿಂಗ್ ಮತ್ತು ಫ್ಯೂಸ್ ಇರಲೇಬೇಕು. ಎಲ್ಲವನ್ನೂ ಮರದ ಪುಡಿ ಹೋಗದ ಪೆಟ್ಟಿಗೆಯಲ್ಲಿಡಿ.

ಇನ್ನು ಕೈ ಉಳಿಸಿಕೊಳ್ಳುವ ವಿಷಯ. ಮೋಟರ್ ಓಡುವಾಗ ಹಿಡಿಕೆ ಶಾಫ್ಟಿನಲ್ಲಿ ಇರಲೇಬಾರದು. ನಿಮಿಷಕ್ಕೆ 9 ಸುತ್ತು ಅಂದರೆ ನಿಧಾನ ಅನ್ನಿಸುತ್ತದೆ, ಆದರೆ ನಾಲ್ಕು ಪಟ್ಟು ಬಲದಲ್ಲಿ ಬರುವ ಹಿಡಿಕೆಗೆ ತೋಳಂಗಿ ಸಿಕ್ಕರೆ ಬಿಡುವುದಿಲ್ಲ. ನಾನು ಹಿಡಿಕೆಯನ್ನು ಮೋಟರ್ ಸ್ವಿಚ್ಚಿನ ಮೇಲೇ ಒಂದು ಮೊಳೆಗೆ ನೇತು ಹಾಕುತ್ತೇನೆ. ಮೊಳೆ ಖಾಲಿ ಕಂಡರೆ ಸ್ವಿಚ್ ಮುಟ್ಟುವುದಿಲ್ಲ. ಕೆಂಪು ತುರ್ತು ಗುಂಡಿ ಕಟರ್ ಮತ್ತು ಸ್ಪಿಂಡಲ್ ಎರಡನ್ನೂ ಒಟ್ಟಿಗೆ ನಿಲ್ಲಿಸುವಂತಿರಲಿ. ದಿನದ ಕೆಲಸದಲ್ಲಿ ಮಾತ್ರ ಕ್ರಮ ಬೇರೆ. ಮೊದಲು ಕಟರ್ ಶುರು, ಆಮೇಲೆ ಸ್ಪಿಂಡಲ್, ಕೊನೆಗೆ ಕಟರನ್ನು ಮರಕ್ಕೆ ಮುಟ್ಟಿಸುವುದು. ನಿಲ್ಲಿಸುವಾಗ ಕಟರನ್ನು ಹಿಂದಕ್ಕೆ ತೆಗೆದೇ ಉಳಿದದ್ದು.

ಮರ ಹಾಕುವ ಮುಂಚೆ ಕಾಗದದ ಪರೀಕ್ಷೆ ಮಾಡಿ. ಮರ ಕೂರಿಸುವ ತಟ್ಟೆಗೆ, ಅಂದರೆ ಫೇಸ್‌ಪ್ಲೇಟಿಗೆ ಬಿಳಿ ಕಾಗದ ಅಂಟಿಸಿ, ಕಟರ್ ಜಾಗದಲ್ಲಿ ಸಣ್ಣ ಮೊನೆಯ ಪೆನ್ನು ಕಟ್ಟಿ. ಹಿಡಿಕೆಯಿಂದ ಒಂದು ಸುತ್ತು ಬರೆಯಿರಿ. ಹಿಡಿಕೆ ತೆಗೆದು, ಪೆನ್ನನ್ನು ಅಲ್ಲಾಡಿಸದೆ, ಅದೇ ಗೆರೆಯ ಮೇಲೆ ಮೋಟರಿನಲ್ಲಿ ಇನ್ನೊಂದು ಸುತ್ತು. ಎರಡೂ ಕೂಡಿ ಒಂದೇ ಗೆರೆಯಾಗಿ ಕಂಡರೆ ಜೋಡಣೆ ಸರಿ ಇದೆ. ದಳದ ಸಂದಿನಲ್ಲಿ ಮಾತ್ರ ಎರಡು ಗೆರೆ ಕಂಡರೆ ಬೆಲ್ಟ್ ಎಲ್ಲೋ ಹೆಡ್‌ಸ್ಟಾಕನ್ನು ಎಳೆಯುತ್ತಿದೆ ಅಂತ ಅರ್ಥ. ನನ್ನ ಮೊದಲ ಜೋಡಣೆಯ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ, ಅದರಲ್ಲಿ ಪ್ರತಿ ಸಂದಿಗೂ ಜೋಡಿ ಗೆರೆ ಇದೆ.

ಆಮೇಲೆ ಮೆತ್ತನೆ ಮರದ ತುಂಡು, ಅದಾದ ಮೇಲೆ ಒಳ್ಳೆಯ ಮರ. ತಿರುಗುವ ದಿಕ್ಕು ಕಟರ್ ಹಲ್ಲಿಗೆ ಎದುರಾಗಿರಲಿ. ಜೊತೆಗೆ ಹೋದರೆ ಕಟರ್ ಮರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕೊನೆಯ ಸುತ್ತಿಗೆ ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ಆಳ ಕೊಡಬೇಡಿ, ವೇಗವನ್ನೂ ಅರ್ಧಕ್ಕೆ ಇಳಿಸಿ. ನಾನು 80 ಸೆಕೆಂಡಿಗೆ ಇಡುತ್ತೇನೆ. ಅಷ್ಟು ಹೊತ್ತು ಎರಡೂ ಕೈ ಬಿಡುವಾಗಿರುತ್ತವೆ. ಒಂದು ಕೈ ಕಟರ್ ಗಾಡಿಯ ಮೇಲೆ, ಇನ್ನೊಂದು ಕೆಂಪು ಗುಂಡಿಯ ಹತ್ತಿರ.

ಮೊದಲ ವಾರ ಕಳೆದ ಮೇಲೆ ಪುಲ್ಲಿಗಳನ್ನು ಶಾಫ್ಟಿಗೆ ಹಿಡಿಸುವ ಗ್ರಬ್ ಸ್ಕ್ರೂ ಒಮ್ಮೆ ಬಿಗಿ ನೋಡಿ. ನನ್ನ 15 ಹಲ್ಲಿನದು ಕಾಲು ಸುತ್ತು ಸಡಿಲವಾಗಿತ್ತು. ಶಾಫ್ಟಿನ ಮೇಲೆ ಅರದಿಂದ ಸಣ್ಣ ಚಪ್ಪಟೆ ಮಾಡಿ ಸ್ಕ್ರೂ ಅದರ ಮೇಲೆ ಕೂರುವಂತೆ ಮಾಡಿದೆ. ಆಮೇಲೆ ಅದು ಸಡಿಲವಾಗಿಲ್ಲ.